ಮಾದೇವನ ಕೆಳಗಿನ ಎರಡು ಮೆಟ್ಟಿಲು

ಮಂಜು ಇಳಿದಾಗ ಕ್ಯಾರೆಟ್ ಕೀಳುವುದಕ್ಕೆ ಕಣ್ಣು ಬೇಡ. ಸೊಪ್ಪಿನ ಬುಡದಲ್ಲಿ ಹೆಬ್ಬೆರಳಿಂದ ಮಣ್ಣು ಸರಿಸಿದರೆ ಗೆಡ್ಡೆಯ ಭುಜ ಸಿಗುತ್ತದೆ. ಭುಜ ಹೆಬ್ಬೆರಳಿಗಿಂತ ಅಗಲ ಇದ್ದರೆ ಕೀಳು, ಇಲ್ಲದಿದ್ದರೆ ಮಣ್ಣು ಮುಚ್ಚಿ ಮುಂದಕ್ಕೆ ಹೋಗು. ಇಷ್ಟೇ ವಿದ್ಯೆ. ಇದನ್ನು ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ನೋಡಿಯೇ ಕೀಳಬೇಕು ಅಂತ ಮಂಜು ಹರಿಯುವವರೆಗೆ ಬದುವಿನ ಮೇಲೆ ಕೂತಿರುತ್ತಿದ್ದೆ. ನಮ್ಮ ಕಡೆ ಮಂಜು ಹರಿಯಲಿ ಅಂತ ಕೂತವರಿಗೆ ಮಧ್ಯಾಹ್ನದ ಬಸ್ಸೂ ಸಿಗುವುದಿಲ್ಲ.

ಈಗ ನಮ್ಮೂರ ಹೆಣ್ಣುಮಕ್ಕಳು ಐದಾರು ಜನ ಸೇರಿಕೊಂಡು ಮದ್ದಿಲ್ಲದ ತರಕಾರಿ ಬೆಳೆಯುತ್ತೇವೆ ಅಂತ ಹೊರಟಿದ್ದಾರೆ. ಅವರಲ್ಲಿ ನನ್ನ ಮೊಮ್ಮಗಳು ಗೌರಿಯೂ ಒಬ್ಬಳು. "ಅಜ್ಜಿ, ನೀನು ಮಾಡಿದ್ದನ್ನ ಬರೆದು ಕೊಡು" ಅಂದಳು.

"ಬಾ, ಬಾಯಲ್ಲೇ ಹೇಳ್ತೀನಿ."

"ಬಾಯಲ್ಲಿ ಹೇಳಿದ್ರೆ ಬೈತಾ ಹೇಳ್ತೀಯ. ಬರೆದ್ರೆ ಬೈಗುಳ ಒಸಿ ಕಮ್ಮಿ ಆಯ್ತದೆ."

ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಗುಂಡ್ಲುಪೇಟೆ ಕಡೆ, ನಾಲ್ಕನೇ ಕ್ಲಾಸು, ಕನ್ನಡದಲ್ಲಿ. ಮದುವೆಯಾಗಿ ಮಸಿನಗುಡಿ ದಾರಿಯಲ್ಲಿ ಬೆಟ್ಟ ಹತ್ತಿದ ಮೇಲೆ ಸುತ್ತ ಇದ್ದದ್ದೆಲ್ಲ ತಮಿಳು ಅಕ್ಷರ. ತಮಿಳು ನನ್ನ ಬಾಯಿಗೆ ಬಂತು, ಕಣ್ಣಿಗೆ ಬರಲಿಲ್ಲ. ಇಲ್ಲಿನ ಹಟ್ಟಿಗಳಲ್ಲಿ ಇರುವ ಬಡಗರ ಮಾತು ನಮ್ಮ ಮಾತಿಗೆ ಹತ್ತಿರ, ಅದನ್ನು ಕಲಿಯಲೇ ಇಲ್ಲ, ಅದಾಗಿಯೇ ಬಂದು ಸೇರಿಕೊಂಡಿತು. ತಪ್ಪುಗಿಪ್ಪು ಇದ್ದರೆ ತಿದ್ದಿಕೊಳ್ಳಿ.

ಮೂರು ವರ್ಷದ ಹಿಂದೆ ಮಂಡಿ ಕೆಟ್ಟು ತೋಟವನ್ನು ಸೊಸೆಗೆ ಬಿಟ್ಟೆ. ಬಿಟ್ಟೆ ಅಂತ ಅಂದುಕೊಂಡಿದ್ದೇನೆ, ಅಷ್ಟೆ. ಬೆಳಗಿನ ಜಾವ ಅರೆ ಎಚ್ಚರದಲ್ಲಿ ಹೆಬ್ಬೆರಳು ಕಂಬಳಿಯ ಮೇಲೆ ಓಡಾಡುತ್ತಿರುತ್ತದೆ, ಗೆಡ್ಡೆಯ ಭುಜ ಹುಡುಕುತ್ತಾ. ಕಂಬಳಿ ಮಣ್ಣಾಗುತ್ತದೆ, ಮಣ್ಣು ಮೆತ್ತಗೆ ತಣ್ಣಗೆ ಇರುತ್ತದೆ, ಎಲ್ಲೋ ಮೇಲುಗಡೆ ಮೈದುನ ಮಾದೇವ ಕೆಮ್ಮುತ್ತಾನೆ. ಆಮೇಲೆ ಸೊಸೆ ಪಾತ್ರೆ ಎತ್ತಿ ಹಾಕುತ್ತಾಳೆ, ಮಣ್ಣು ಮತ್ತೆ ಕಂಬಳಿಯಾಗುತ್ತದೆ.

ನಮ್ಮ ಜಾಗ ಹೇಗಿದೆ ಅಂತ ಮೊದಲು ಹೇಳಬೇಕು. ಊಟಿಯಾಚೆ ಇತ್ತಲಾರ್ ದಾಟಿದ ಮೇಲೆ ಒಂದು ಇಳಿಜಾರು. ಇಲ್ಲಿ ಹೊಲ ಅಂದರೆ ಮೆಟ್ಟಿಲು. ಬೆಟ್ಟವನ್ನು ಕಡಿದು ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲಲ್ಲಿ ನಾಲ್ಕಾರು ಸಾಲು ಬೆಳೆಯುತ್ತೇವೆ. ರಸ್ತೆಯ ಪಕ್ಕ, ಎಲ್ಲಕ್ಕಿಂತ ಮೇಲೆ, ನನ್ನ ಮೈದುನ ಮಾದೇವನ ಮನೆ. ಅದರ ಕೆಳಗೆ ಅವನ ಹನ್ನೆರಡು ಮೆಟ್ಟಿಲು. ಅದರ ಕೆಳಗೆ ನಮ್ಮ ಹದಿನಾಲ್ಕು. ಎಲ್ಲಕ್ಕಿಂತ ಕೆಳಗೆ, ತೊರೆಯ ಪಕ್ಕ, ನಮ್ಮ ಮನೆ. ಬೆಟ್ಟದಲ್ಲಿ ಮೇಲಿನವನು ಏನು ಮಾಡಿದರೂ ಕೆಳಗಿನವನಿಗೆ ಬರುತ್ತದೆ. ನೀರು, ಮಣ್ಣು, ಬೈಗುಳ, ಮದ್ದು. ಹೊಲ ಗುತ್ತಿಗೆಗೆ ಹಿಡಿಯುವ ಮುಂಚೆ ಮಣ್ಣು ನೋಡಬೇಡಿ, ಮೇಲೆ ಯಾರಿದ್ದಾರೆ ನೋಡಿ.

ನಮ್ಮ ಯಜಮಾನರು ಎಲೆ ಫ್ಯಾಕ್ಟರಿಯಲ್ಲಿ, ಅಂದರೆ ಟೀ ಫ್ಯಾಕ್ಟರಿಯಲ್ಲಿ, ಬಾಯ್ಲರ್ ಮುಂದೆ ಇದ್ದವರು. ಹಾಗಾಗಿ ತೋಟ ಮೊದಲಿಂದಲೂ ನನ್ನದೇ. ನಾನೂ ಎಲ್ಲರ ಹಾಗೆ ಮದ್ದು ಹೊಡೆದವಳೇ. ಬಿತ್ತುವಾಗ ಒಂದು, ಮೊಳೆತಾಗ ಒಂದು, ಮಂಜು ಕವಿದರೆ ವಾರಕ್ಕೊಂದು. ಮದ್ದು ಬಿಡುವುದಕ್ಕೆ ನನಗೆ ಯಾರೂ ಬೋಧನೆ ಮಾಡಲಿಲ್ಲ. ತೊಂಬತ್ತರ ಆಚೆ ಈಚೆ ಒಂದು ದಿನ ಆಲೂಗೆಡ್ಡೆಗೆ ಮಣ್ಣು ಏರಿಸುತ್ತಿದ್ದೆ. ಒಂದು ಇಡೀ ಮೆಟ್ಟಿಲು ಕೆದರಿ ಮುಗಿಸಿ ಸೊಂಟ ನೆಟ್ಟಗೆ ಮಾಡಿದಾಗ ಹೊಳೆಯಿತು: ಒಂದೂ ಎರೆಹುಳ ಕಾಣಲಿಲ್ಲ. ನಮ್ಮಪ್ಪನ ಹೊಲದಲ್ಲಿ ಗುದ್ದಲಿ ಎತ್ತಿದರೆ ಹುಳ ನೇತಾಡುತ್ತಿತ್ತು, ನಾವು ಮಕ್ಕಳು ಎಣಿಸುತ್ತಿದ್ದೆವು. ಇನ್ನೊಂದು ಮೆಟ್ಟಿಲು ಕೆದರಿದೆ. ಇಲ್ಲ. ಒಂದು ಹಿಡಿ ಮಣ್ಣು ಎತ್ತಿ ಮೂಸಿದೆ. ಮಣ್ಣಿನ ವಾಸನೆ ಇರಲಿಲ್ಲ, ಅಂಗಡಿಯ ವಾಸನೆ ಇತ್ತು. ಅವತ್ತೇ ಮದ್ದು ಹೊಡೆಯುವ ಡಬ್ಬ ಅಟ್ಟಕ್ಕೆ ಹಾಕಿದೆ. ಇದರಲ್ಲಿ ದೊಡ್ಡತನ ಏನೂ ಇಲ್ಲ, ಹೆದರಿಕೆ ಆಯಿತು ಅಷ್ಟೆ.

ಆಮೇಲಿನ ಮೂರು ವರ್ಷ ನಾನು ಮಾಡದ ತಪ್ಪಿಲ್ಲ. ಎಲ್ಲ ಬರೆದರೆ ಗೌರಿಯ ಗೆಳತಿಯರು ಓಡಿಹೋಗುತ್ತಾರೆ, ಒಂದು ಬರೆಯುತ್ತೇನೆ. ಮದ್ದಿಲ್ಲದಿದ್ದರೆ ಸಗಣಿ ತಾನೆ ಅಂತ, ಹಟ್ಟಿಯಿಂದ ಹಸಿ ಸಗಣಿ ಹೊತ್ತು ತಂದು ಕ್ಯಾರೆಟ್ ಸಾಲಿಗೆ ಸುರಿದೆ. ಕಿತ್ತಾಗ ಒಂದೊಂದಕ್ಕೆ ಎರಡು ಕಾಲು, ಮೂರು ಕಾಲು. ಕೆಲವು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದವು. ಊಟಿ ಮಾರ್ಕೆಟಿನ ಮೂಲೆಯಲ್ಲಿ ಗೋಣಿ ಹಾಸಿ ಹರಡಿದೆ. ಪಕ್ಕದಲ್ಲಿ ಬೀನ್ಸ್ ಮಾರುತ್ತಿದ್ದವಳು ನೋಡಿ, "ಏನಕ್ಕಾ, ಇವಕ್ಕೆ ಚಡ್ಡಿ ಹೊಲಿಸಿಲ್ವಾ?" ಅಂದಳು. ಬಂದವರೆಲ್ಲ ನಗುವವರೇ, ಕೊಳ್ಳುವವರಿಲ್ಲ.

ಮಧ್ಯಾಹ್ನ ಒಬ್ಬ ವಯಸ್ಸಾದ ಹೆಂಗಸು ಕೊಡೆ ಮಡಚಿ ಬಗ್ಗಿದರು. ಮೂರು ಕಾಲಿನದೊಂದನ್ನು ಎತ್ತಿ ತಿರುಗಿಸಿ, ಶುದ್ಧ ಮೈಸೂರು ಕನ್ನಡದಲ್ಲಿ, "ಹಸಿ ಸಗಣಿ ಹಾಕಿದ್ರಾ?" ಅಂದರು.

"ನಿಮಗೆ ಹೆಂಗೆ ಗೊತ್ತಾಯ್ತು?"

"ಮದ್ದು ಹಾಕಿ ಬೆಳೆಯೋರು ಇಂಥ ತಪ್ಪು ಮಾಡಲ್ಲ. ಗೊಬ್ಬರ ಒಂದು ವರ್ಷ ಕೊಳೀಬೇಕು. ಎಲ್ಲಾ ಕೊಡಿ."

ಅವರೇ ಸೂಸನ್ ಟೀಚರ್. ಮೈಸೂರಿನ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಊಟಿ ಪಕ್ಕದ ಲವ್‌ಡೇಲ್ ಸ್ಟೇಷನ್ನಿನ ಮೇಲಿನ ಒಂದು ಸಣ್ಣ ಮನೆಗೆ ಬಂದು ಸೇರಿದ್ದರು. ಅವರ ಜಗುಲಿಯಿಂದ ಇಪ್ಪತ್ತು ಮನೆಯವರು ಪ್ರತಿ ಶನಿವಾರ ಮದ್ದಿಲ್ಲದ ತರಕಾರಿ ತೆಗೆದುಕೊಂಡು ಹೋಗುತ್ತಿದ್ದರು. ಬೆಳೆದು ಕೊಡುವವರು ನಾವು ನಾಲ್ಕೈದು ಜನ. ನನಗೆ ಈ ಕೆಲಸದಲ್ಲಿ ಮೇಲಧಿಕಾರಿ ಅಂತ ಇದ್ದರೆ ಅವರೊಬ್ಬರೇ. ನಗುತ್ತಿದ್ದದ್ದು ಕಮ್ಮಿ.

ಮೊದಲನೇ ಶನಿವಾರ ನಾನು ಕ್ಯಾರೆಟ್ಟನ್ನು ತೊರೆಯಲ್ಲಿ ಉಜ್ಜಿ ಉಜ್ಜಿ ತೊಳೆದು, ದೀಪದ ಹಾಗೆ ಹೊಳೆಯಿಸಿ ಒಯ್ದೆ. ಮಣ್ಣು ಮೆತ್ತಿದ ತರಕಾರಿ ಕೊಡುವುದು ತಲೆ ಬಾಚದೆ ಮದುವೆಗೆ ಹೋದ ಹಾಗೆ ಅಂತ ನಮ್ಮ ಲೆಕ್ಕ. ಟೀಚರ್ ಬುಟ್ಟಿ ನೋಡಿ, "ಮಣ್ಣೆಲ್ಲಿ?" ಅಂದರು.

"ತೊಳೆದೆ ಟೀಚರ್."

"ತೊಳೆದದ್ದು ಎರಡು ದಿನಕ್ಕೆ ಬಾಡುತ್ತೆ. ಮಣ್ಣಲ್ಲಿ ಇದ್ದದ್ದು ಹತ್ತು ದಿನ ಇರುತ್ತೆ. ಮುಂದಿನ ವಾರ ಮಣ್ಣೂ ತನ್ನಿ."

ಜಗುಲಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿದ್ದರು. ಅದು ಅವರ ಕಾನೂನು. ಬೆಳೆದವರು ಆ ವಾರ ಏನು ತಂದರು, ಗಿಡಕ್ಕೆ ಏನು ಹಾಕಿದರು, ತಮ್ಮ ಕೈಯಲ್ಲೇ ಅದರ ಮೇಲೆ ಬರೆಯಬೇಕು. "ನನಗೆ ಬರೆಯಕ್ಕೆ ಬರಲ್ಲ" ಅಂದೆ. "ನಾಲ್ಕನೇ ಕ್ಲಾಸಲ್ಲಿ ಏನು ಮಾಡಿದ್ರಿ ಹಾಗಾದ್ರೆ?" ಅಂದರು. ಬರೆದೆ. ಇತ್ತಲಾರ್ ಚಿಕ್ಕತಾಯಮ್ಮ. ಕೊಳೆತ ಗೊಬ್ಬರ, ಬೂದಿ, ಬೇವಿನ ಹಿಂಡಿ, ಹುಳಿ ಮಜ್ಜಿಗೆ. ಅದರ ಕೆಳಗೆ ಅವರು ಇಂಗ್ಲಿಷಲ್ಲೂ ತಮಿಳಲ್ಲೂ ಬರೆದರು. ನನ್ನ ಅಕ್ಷರ ಸೋರೆಬಳ್ಳಿಯ ಹಾಗೆ ಎಲ್ಲೆಂದರಲ್ಲಿ ಹೋಗಿತ್ತು. ಅಳಿಸಿ ಬರೆಯುತ್ತೇನೆ ಅಂದರೆ ಬಿಡಲಿಲ್ಲ.

ಬೆಳಗಿನ ಬಸ್ಸಲ್ಲಿ ಊಟಿಗೆ, ಅಲ್ಲಿಂದ ಪುಟ್ಟ ರೈಲಲ್ಲಿ ಲವ್‌ಡೇಲ್‌ಗೆ. ವರ್ಷಗಟ್ಟಲೆ ಹೀಗೆ ಹೋದೆ. ಬುಟ್ಟಿ ಕಾಲ ನಡುವೆ, ಕೊತ್ತಂಬರಿ ಸೊಪ್ಪು ಮಡಿಲಲ್ಲಿ. ಕಿಟಕಿಯ ಆಚೆ ಏನೂ ಇರುತ್ತಿರಲಿಲ್ಲ, ಬರೀ ಬಿಳಿ. ಆ ಬಿಳಿಯೊಳಗಿಂದ ಒಂದು ಮರ ಬಂದು ಮುಖ ನೋಡಿ ಹೋಗುತ್ತಿತ್ತು, ಆಮೇಲೆ ಒಂದು ಹಸು, ಆಮೇಲೆ ಒಗೆದು ಹಾಕಿದ ಯಾರದೋ ಅಂಗಿ. ರೈಲು ನಡೆಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ನಾನು ಹುಟ್ಟಿದ ಊರು, ಬಂದ ಊರು, ಸತ್ತವರು, ಇದ್ದವರು ಎಲ್ಲ ಅದೇ ಬಿಳಿಯಲ್ಲಿ ಎಲ್ಲೋ ಪಕ್ಕದಲ್ಲೇ ಇದ್ದಾರೆ ಅನ್ನಿಸುತ್ತಿತ್ತು. ಒಂದು ಸಲ ಹಾಗೇ ಕೂತು ಸ್ಟೇಷನ್ ದಾಟಿಹೋಗಿ, ಬುಟ್ಟಿ ಹೊತ್ತು ಹಿಂದಕ್ಕೆ ನಡೆದು ಬಂದೆ. ಕನಸು ಕಾಣಿ, ಬೇಡ ಅನ್ನುವುದಿಲ್ಲ. ಇಳಿಯುವ ಜಾಗ ಮಾತ್ರ ನೆನಪಿರಲಿ.

ಈಗ ಮಾದೇವನ ವಿಷಯ. ಅವನು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಯಜಮಾನರ ತಮ್ಮ, ಬಾಯಿ ಜೋರು, ಮೈಗಳ್ಳ ಅಲ್ಲ. ಅವನ ಹನ್ನೆರಡು ಮೆಟ್ಟಿಲಲ್ಲೂ ಆಲೂಗೆಡ್ಡೆ. ನಮ್ಮಲ್ಲಿ ಮೂರು ದಿನ ಬಿಡದೆ ಮಂಜು ಕೂತರೆ ಗೆಡ್ಡೆಯ ಎಲೆಗೆ ಅಂಗಮಾರಿ ಬರುತ್ತದೆ. ಇವತ್ತು ಒಂದು ಕಪ್ಪು ಚುಕ್ಕೆ, ನಾಡಿದ್ದು ಇಡೀ ಹೊಲ ಸುಟ್ಟು ಕೊಳೆತ ವಾಸನೆ. ಅದಕ್ಕೆ ಅವನು ಹಳದಿ ಪುಡಿ ಕಲಸಿ ಬೆನ್ನಿಗೆ ಡಬ್ಬ ಕಟ್ಟಿಕೊಂಡು ವಾರಕ್ಕೊಮ್ಮೆ ಹೊಡೆಯುತ್ತಿದ್ದ. ಅವನು ಕೆಳಗಿನ ಎರಡು ಮೆಟ್ಟಿಲಿಗೆ ಹೊಡೆದದ್ದು ಗಾಳಿಯಲ್ಲಿ ತೇಲಿ ನನ್ನ ಮೇಲಿನ ಎರಡು ಮೆಟ್ಟಿಲಿಗೆ ಬೀಳುತ್ತಿತ್ತು. ಆ ಎರಡರಲ್ಲಿ ಬೆಳೆದದ್ದನ್ನು ನಾನು ಟೀಚರ್ ಜಗುಲಿಗೆ ಒಯ್ಯುವ ಹಾಗಿರಲಿಲ್ಲ. ಹದಿನಾಲ್ಕು ಮೆಟ್ಟಿಲಿನ ಒಡತಿಗೆ ಹನ್ನೆರಡೇ ಗತಿ.

"ಮಾದೇವ, ನಿನ್ನ ಕೆಳಗಿನ ಎರಡು ಮೆಟ್ಟಿಲು ಮದ್ದು ಹೊಡೀಬೇಡ ಕಣಪ್ಪ. ಅಲ್ಲಿ ಹುಲ್ಲು ಹಾಕು, ಹುಲ್ಲು ನಾನೇ ಕೊಯ್ದು ಕೊಡ್ತೀನಿ" ಅಂತ ಎಷ್ಟು ಸಲ ಕೇಳಿದೆನೋ.

"ಇವತ್ತು ಎರಡು ಮೆಟ್ಟಿಲು ಕೇಳ್ತಿದ್ದೀಯ ಅತ್ಗೆ. ನಾಳೆ ಎರಡು ಹಸು ಕೇಳ್ತೀಯ. ನಾಡಿದ್ದು ನನ್ನ ಮೀಸೆ ಕೇಳ್ತೀಯ."

"ನಿನ್ನ ಮೀಸೆ ಯಾರಿಗೆ ಬೇಕು. ಕ್ಯಾರೆಟ್ ಸೊಪ್ಪಿನಂಗೆ ಅದೆ."

ನಗುತ್ತಿದ್ದ. ಮೆಟ್ಟಿಲು ಮಾತ್ರ ಬಿಡುತ್ತಿರಲಿಲ್ಲ. ನಾನೂ ಕೇಳುವುದು ಬಿಡಲಿಲ್ಲ.

ಹೀಗಿರುವಾಗ ನಮ್ಮವ್ವ ತೀರಿಕೊಂಡಳು. ರಸ್ತೆಯ ಅಂಗಡಿಗೆ ಫೋನು ಬಂತು. ಕೈ ಮಣ್ಣು ತೊಳೆದು ಇದ್ದ ಸೀರೆಯಲ್ಲೇ ಗುಂಡ್ಲುಪೇಟೆ ಬಸ್ಸು ಹತ್ತಿದೆ, ಯಜಮಾನರೂ ಬಂದರು. ಕಾರ್ಯ ಎಲ್ಲ ಮುಗಿದು ವಾಪಸು ಬರುವಾಗ ಹದಿನೈದು ದಿನ ಆಗಿತ್ತು. ಆ ಹದಿನೈದು ದಿನದಲ್ಲಿ ಹತ್ತು ದಿನ ನಮ್ಮ ಬೆಟ್ಟದ ಮೇಲೆ ಮಂಜು ಹರಿದೇ ಇರಲಿಲ್ಲವಂತೆ.

ನಮ್ಮ ಇಳಿಜಾರಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಯವರ ಹೊಲಕ್ಕೆ ಕಳೆ ಬರಬಾರದು. ಅವರು ದುಃಖ ಮುಗಿಸಿ ಬರುವವರೆಗೆ ಅಕ್ಕಪಕ್ಕದವರು ಅವರ ಕೆಲಸವನ್ನು ಮಾಡಿಡಬೇಕು. ಕೇಳುವುದಿಲ್ಲ, ಹೇಳುವುದಿಲ್ಲ, ಆಮೇಲೆ ಅದರ ಮಾತೂ ಎತ್ತುವುದಿಲ್ಲ. ಹಾಗೆ ಮಾಡಿಟ್ಟವನಿಗೆ ತಪ್ಪು ಹೇಳುವ ಬಾಯಿ ನಮ್ಮಲ್ಲಿ ಯಾರಿಗೂ ಇಲ್ಲ.

ಬಸ್ಸಿಳಿದು ಕೆಳಗೆ ನಡೆದೆವು. ಆಚೆ ಇಳಿಜಾರಲ್ಲಿ ಯಾರದೋ ಗೆಡ್ಡೆ ಸುಟ್ಟು ಕರ್ರಗಾಗಿತ್ತು, ವಾಸನೆ ದಾರಿವರೆಗೂ ಬರುತ್ತಿತ್ತು. ನನ್ನದೂ ಹೋಯಿತು ಅಂದುಕೊಂಡೆ. ಅವ್ವ ಹೋದ ಮೇಲೆ ಗೆಡ್ಡೆ ಯಾವ ಲೆಕ್ಕ ಅಂದುಕೊಂಡೆ. ಮಂಜೊಳಗೆ ನನ್ನ ಮೆಟ್ಟಿಲು ಒಂದೊಂದೇ ಎದ್ದು ಬಂದವು. ಮೇಲಿಂದ ಮೂರರಿಂದ ಏಳರವರೆಗೆ, ಆಲೂಗೆಡ್ಡೆ ಹಾಕಿದ್ದ ಐದೂ ಮೆಟ್ಟಿಲು, ಹಸಿರು. ಕಳೆ ಕಿತ್ತಿದೆ, ಮಣ್ಣು ಏರಿಸಿದೆ. ಗಿಡಗಳು ನಿದ್ದೆಯಲ್ಲಿ ಇದ್ದ ಹಾಗೆ ಅಲ್ಲಾಡದೆ ನಿಂತಿದ್ದವು. ಒಂದು ಗಳಿಗೆ ನನಗೆ ಅವ್ವನೇ ಬಂದು ಕಾದಳೇನೋ ಅನ್ನಿಸಿತು.

ಬಗ್ಗಿ ಒಂದು ಎಲೆ ತಿರುಗಿಸಿದೆ. ಅಡಿಯಲ್ಲಿ ಹಳದಿ ಧೂಳು.

ಬದುವಿನ ಮೇಲೆ ಮಾದೇವ ನಿಂತಿದ್ದ. ಕಣ್ಣು ಕೆಂಪಾಗಿತ್ತು, ನಿದ್ದೆಗೆಟ್ಟು. "ನೋಡತ್ಗೆ, ಒಂದು ಎಲೆ ಕರ್ರಗಾಗಿಲ್ಲ. ಮೂರು ಸಲ ಹೊಡೆದೆ. ನನ್ನದಕ್ಕಿಂತ ಮುಂಚೆ ನಿನ್ನದಕ್ಕೆ ಹೊಡೆದೆ. ಸಾವಿನ ಮನೆ ಗೆಡ್ಡೆ ಅಲ್ವಾ."

"ಬಾ, ಕಾಫಿ ಕುಡಿ" ಅಂದೆ. ಕುಡಿದು ಹೋದ.

ಅವನು ಹೋದ ಮೇಲೆ ಯಜಮಾನರು, "ಸುಮ್ನೆ ಒಯ್ದು ಕೊಟ್ಬುಡು. ಸಿಪ್ಪೆ ಸುಲಿದು ತಾನೆ ತಿಂತಾರೆ" ಅಂದರು.

"ಹಲಗೆ ಮೇಲೆ ಏನು ಬರೀಲಿ?"

"ಬರೀಬೇಡ."

"ಬರೀದೆ ಇದ್ರೆ ಖಾಲಿ ಹಲಗೆ ನೋಡಿ ಟೀಚರ್ ಕೇಳ್ತಾರೆ."

"ಹಂಗಾದ್ರೆ ಮೊದಲು ಬರೀತಿದ್ದದ್ದೇ ಬರಿ."

ಅವರು ಹೇಳಿದ ಹಾಗೇ ಮಾಡೋಣ ಅಂತಲೇ ನಾನು ಶನಿವಾರ ಹೊರಟದ್ದು. ಇದನ್ನು ಮುಚ್ಚಿಡುವುದಿಲ್ಲ. ಬುಟ್ಟಿಯಲ್ಲಿ ಎಲೆಕೋಸಿನ ಜೊತೆ ಗೆಡ್ಡೆಯೂ ಇತ್ತು. ಮುಂಚೆ ಬಿತ್ತಿದ್ದ ಒಂದು ಮೆಟ್ಟಿಲಿನ ಎಳೆ ಗೆಡ್ಡೆ. ರೈಲಲ್ಲಿ ಅದೇ ಬಿಳಿ, ಅದೇ ಮರ. ಊಟಿಯಿಂದ ಲವ್‌ಡೇಲ್‌ವರೆಗೆ ಗೆಡ್ಡೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ಕೂತೆ. ಗೆಡ್ಡೆಯ ಮೇಲೆ ಏನೂ ಇರಲಿಲ್ಲ, ಮದ್ದು ಎಲೆಯ ಮೇಲೆ. ಮೂಸಿದರೆ ಮಣ್ಣಿನ ವಾಸನೆಯೇ ಬರುತ್ತಿತ್ತು. ನನ್ನ ಮೂಗು ಸುಳ್ಳು ಹೇಳುತ್ತಿದೆಯೋ ನಾನು ಮೂಗಿಗೆ ಸುಳ್ಳು ಹೇಳುತ್ತಿದ್ದೇನೆಯೋ ಗೊತ್ತಾಗಲಿಲ್ಲ.

ಜಗುಲಿಯಲ್ಲಿ ಸೀಮೆಸುಣ್ಣ ಹಿಡಿದೆ. ಕೊಳೆತ ಗೊಬ್ಬರ ಅಂತ ಬರೆದೆ. ಬೂದಿ ಅಂತ ಬರೆದೆ. ಆಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ನಾಲ್ಕನೇ ಕ್ಲಾಸಲ್ಲಿ ಕಲಿತದ್ದಕ್ಕೆ ಅಷ್ಟು ಭಾರ ಇದೆ ಅಂತ ಅವತ್ತು ತಿಳಿಯಿತು. ಅಳಿಸಿ ಬರೆದೆ: "ನಮ್ಮವ್ವ ತೀರಿಕೊಂಡಾಗ ನನ್ನ ಗೆಡ್ಡೆಗೆ ಮದ್ದು ಹೊಡೆದಿದೆ. ಮೂರು ಸಲ. ಐದು ಮೆಟ್ಟಿಲು. ಈ ಬುಟ್ಟಿಯ ಗೆಡ್ಡೆ ಅದೇ."

ಟೀಚರ್ ಓದಿದರು. "ಯಾರು ಹೊಡೆದದ್ದು?"

"ಮೈದುನ. ಸಾವಿನ ಮನೆ ಅಂತ ಮಾಡಿಟ್ಟ."

"ಬೈದ್ರಾ?"

"ಹೆಂಗೆ ಬೈಲಿ ಟೀಚರ್. ಕಾಫಿ ಕೊಟ್ಟೆ."

ಅವರು ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಇಂಗ್ಲಿಷಲ್ಲಿ, ತಮಿಳಲ್ಲಿ ಅಷ್ಟನ್ನೂ ಬರೆದರು. ಅವ್ವ ತೀರಿಕೊಂಡದ್ದೂ ಸೇರಿಸಿ. ಆಮೇಲೆ, "ಆ ಐದು ಮೆಟ್ಟಿಲಿಂದ ಮೂರು ವರ್ಷ ಏನೂ ತರಬೇಡಿ" ಅಂದರು.

"ಇದು ಅನ್ಯಾಯ ಟೀಚರ್. ನಾನು ಹೊಡೆದದ್ದಲ್ಲ."

"ಹೌದು, ಅನ್ಯಾಯವೇ. ಮಣ್ಣಿಗೆ ಅದು ಗೊತ್ತಿಲ್ಲ. ಒಳಗೆ ಬನ್ನಿ, ತಿಂಡಿ ತಿನ್ನಿ. ನಿಮ್ಮ ತಾಯಿ ಹೆಸರೇನು?"

ಬಂದವರು ಹಲಗೆ ಓದಿ ನನ್ನ ಎಲೆಕೋಸನ್ನೂ ಮುಟ್ಟಲಿಲ್ಲ. ಒಬ್ಬಾಕೆ ತಮಿಳಲ್ಲಿ, ನನಗೆ ಕೇಳುವ ಹಾಗೇ, "ಇವತ್ತು ಗೆಡ್ಡೆ, ನಾಳೆ ಕೋಸು. ಯಾರನ್ನ ನಂಬೋದು" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಇಪ್ಪತ್ತು ಮನೆಯಲ್ಲಿ ನನ್ನಿಂದ ಕೊಳ್ಳುವವು ಎಂಟು ಉಳಿದವು. ಐದು ಮೆಟ್ಟಿಲಿನ ಬೆಳೆ ಮೂರು ವರ್ಷ ಬೆಟ್ಟದ ಕೆಳಗಿನ ಮೆಟ್ಟುಪಾಳ್ಯದ ಮಂಡಿ ಲಾರಿಗೆ ಹೋಯಿತು, ಎಲ್ಲರ ಗೆಡ್ಡೆಯ ಜೊತೆ. ಮದ್ದು ಹಾಕದೆ ಬೆಳೆದು ಮದ್ದು ಹಾಕಿದವರ ಗೋಣಿಗೆ ಸುರಿಯುವುದು ಎಂಥದು ಅಂತ ಮಾಡಿದವರಿಗೇ ಗೊತ್ತು. ಮಾದೇವನಿಗೆ ನಾನು ಹೇಳಲಿಲ್ಲ. "ಯಾಕತ್ಗೆ, ಲವ್‌ಡೇಲ್‌ಗೆ ಗೆಡ್ಡೆ ಒಯ್ಯಲ್ವಾ?" ಅಂದರೆ, "ಅಲ್ಲಿ ಗೆಡ್ಡೆ ತಿನ್ನೋರು ಕಮ್ಮಿ ಆಗವ್ರೆ" ಅನ್ನುತ್ತಿದ್ದೆ.

ಆ ಮೂರು ವರ್ಷದಲ್ಲೇ ಕಾಲ ಬದಲಾಯಿತು. ಮದ್ದಿಲ್ಲದ ತರಕಾರಿಗೆ ಆರ್ಗ್ಯಾನಿಕ್ ಅಂತ ಹೆಸರು ಬಂತು. ಫಾರಂ ಬಂತು, ಸರ್ಟಿಫಿಕೇಟ್ ಬಂತು, ಬೂಟು ಹಾಕಿಕೊಂಡ ಒಬ್ಬ ತಪಾಸಣೆಯವನು ಬಂದ. ಒಳ್ಳೆಯ ಹುಡುಗ, ಮೂರನೇ ಮೆಟ್ಟಿಲಲ್ಲಿ ಜಾರಿ ಬಿದ್ದ. ಎದ್ದು, "ನಿಮಗೂ ಪಕ್ಕದ ಹೊಲಕ್ಕೂ ನಡುವೆ ತಡೆ ಎಲ್ಲಮ್ಮ?" ಅಂತ ಕೇಳಿದ.

"ಅಗೋ, ಮೇಲೆ ಬೀಡಿ ಸೇದ್ತಾ ಕೂತವ್ನಲ್ಲ, ಅವನೇ ತಡೆ" ಅಂದೆ. ಬರೆದುಕೊಳ್ಳಲಿಲ್ಲ.

ಸರ್ಟಿಫಿಕೇಟ್ ಬೇಡ ಅನ್ನುವುದಿಲ್ಲ, ಮಾಡಿಸಿಕೊಳ್ಳಿ. ಆದರೆ ಫಾರಂ ತುಂಬುವಾಗ ಕೈ ತಡೆಯುವುದಿಲ್ಲ. ಹಲಗೆಗೆ ಬರೆಯುವಾಗ ತಡೆಯುತ್ತದೆ. ನಿಮ್ಮ ಸಂಘಕ್ಕೂ ಒಂದು ಹಲಗೆ ಇರಲಿ.

ಮೂರು ವರ್ಷ ತುಂಬಿತು. ಆ ಐದು ಮೆಟ್ಟಿಲಲ್ಲಿ ಎರೆಹುಳ ಮತ್ತೆ ಬಂದಿತ್ತು. ಗೆಡ್ಡೆ ಹಾಕಿದೆ, ಲವ್‌ಡೇಲ್‌ಗೆ ಅಂತಲೇ. ಎಂಟು ಮನೆ ಮತ್ತೆ ಹದಿಮೂರಾಗಿತ್ತು. ಗಿಡ ಮೊಣಕಾಲುದ್ದ ಬಂದಾಗ ಮಾದೇವ ಒಂದು ಮುಂಜಾನೆ ಮಂಜಲ್ಲಿ ಕಾಡೆಮ್ಮೆಗೆ ಎದುರಾದ. ಅದು ಅವನನ್ನು ಏನೂ ಮಾಡಲಿಲ್ಲ, ನಿಂತು ನೋಡಿತಂತೆ. ಇವನೇ ಹೆದರಿ ಬದುವಿಂದ ಹಾರಿ ತೊಡೆ ಮೂಳೆ ಮುರಿದುಕೊಂಡ. ಕೊಯಮತ್ತೂರಿನ ಆಸ್ಪತ್ರೆಗೆ ಒಯ್ದರು. ಅವನ ಹೆಂಡತಿಯೂ ಜೊತೆಗೆ ಹೋದಳು. ಮಕ್ಕಳು ಅವರಿಗಿಲ್ಲ. ಹನ್ನೆರಡು ಮೆಟ್ಟಿಲು ಗೆಡ್ಡೆ, ನೋಡುವವರು ಯಾರೂ ಇಲ್ಲ. ಆಮೇಲೆ ಮಂಜು ಬಂದು ಕೂತಿತು. ಒಂದು ದಿನ, ಎರಡು ದಿನ, ಮೂರು ದಿನ.

ಸಾವಿಗಿದ್ದ ಪದ್ಧತಿ ಆಸ್ಪತ್ರೆಗೂ ಇದೆ. ಮಾಡಬೇಕಾದವಳು ನಾನು. ಮೊದಲು ಅಂಗಮಾರಿಗೆ ನಾನು ಹೊಡೆಯುವ ಹುಳಿ ಮಜ್ಜಿಗೆ ಹೊತ್ತು ಮೇಲೆ ಹೋದೆ. ಅರ್ಧ ದಾರಿಯಲ್ಲಿ ನಿಂತೆ. ನನ್ನ ಮಣ್ಣು ಹತ್ತು ವರ್ಷದಿಂದ ಬೇರೆ ರೂಢಿಯದು. ನನ್ನ ಗಿಡ ತೆಳ್ಳಗೆ, ದೂರದೂರ, ರೋಗ ಬಂದರೂ ಅರ್ಧ ಉಳಿಸಿಕೊಳ್ಳುತ್ತದೆ. ಅವನ ಗಿಡ ಅಂಗಡಿ ಗೊಬ್ಬರ ತಿಂದು ಕೊಬ್ಬಿ ಒತ್ತಾಗಿ ನಿಂತದ್ದು, ಮಜ್ಜಿಗೆಗೆ ಅದು ನಿಲ್ಲುವುದಿಲ್ಲ. ಮಾದೇವ ಅವತ್ತು ಮಾಡಿದ ತಪ್ಪು ಏನು ಅಂತ ಆ ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು. ಅವನು ನನ್ನ ಹೊಲವನ್ನು ತನ್ನ ಹೊಲದ ಹಾಗೆ ನೋಡಿಕೊಂಡ. ಈಗ ನಾನು ಅವನ ಹೊಲವನ್ನು ನನ್ನ ಹೊಲದ ಹಾಗೆ ನೋಡಿಕೊಂಡರೆ ಅದೇ ತಪ್ಪು. ಮಜ್ಜಿಗೆ ವಾಪಸು ತಂದಿಟ್ಟು ಅವನ ಕೊಟ್ಟಿಗೆಯಿಂದ ಡಬ್ಬ ಇಳಿಸಿದೆ.

ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಳದಿ ಪುಡಿ ಕಲಸಿದೆ. ಕೈಗೆ ಅಳತೆ ಮರೆತಿರಲಿಲ್ಲ, ಅದೇ ಬೇಜಾರು. ಡಬ್ಬ ಸೋರಿ ಬೆನ್ನೆಲ್ಲ ಒದ್ದೆ. ಮಂಜೊಳಗೆ ಒಬ್ಬಳೇ, 'ಕಿಚ್ ಕಿಚ್' ಅಂತ ಹಿಡಿ ಒತ್ತುತ್ತಾ ಮೇಲಿಂದ ಇಳಿದು ಬಂದೆ. ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಹೊಡೆಯುತ್ತಿರುವವಳು ಬೇರೆ ಯಾರೋ, ನಾನು ಕೆಳಗೆ ಬದುವಿನ ಮೇಲೆ ಕೂತು ಕೇಳುತ್ತಿದ್ದೇನೆ ಅನ್ನುವ ಹಾಗಿತ್ತು.

ಹತ್ತನೇ ಮೆಟ್ಟಿಲು ಮುಗಿಯಿತು. ಉಳಿದದ್ದು ಆ ಎರಡು, ನಾನು ವರ್ಷಗಟ್ಟಲೆ ಕೇಳಿದ್ದ ಎರಡು. ಅದರ ಕೆಳಗೆ ನನ್ನ ತೋಟ, ಲವ್‌ಡೇಲ್‌ಗೆ ಅಂತ ಇಟ್ಟ ಗೆಡ್ಡೆ. ಇಲ್ಲಿಗೇ ನಿಲ್ಲಿಸಿದರೆ ಯಾರೂ ಕೇಳುವವರಿಲ್ಲ. ಡಬ್ಬ ಹೊತ್ತು ಎಷ್ಟು ಹೊತ್ತು ನಿಂತೆನೋ. ಅವನು ನನ್ನದಕ್ಕೆ ಮೊದಲು ಹೊಡೆದು, ಆಮೇಲೆ ತನ್ನದಕ್ಕೆ ಹೊಡೆದಿದ್ದ. ನಾನು ಅವನ ಎರಡು ಮೆಟ್ಟಿಲು ಕದಿಯಬೇಕೇ? ಹೊಡೆದೆ. ಅಷ್ಟರಲ್ಲಿ ಗಾಳಿ ತಿರುಗಿತು, ಮಂಜು ಎದ್ದು ಕೆಳಮುಖ ಹರಿಯಿತು, ಹಳದಿ ಅದರ ಜೊತೆ ಹೋಯಿತು. ನನ್ನ ಮೂರನೇ, ನಾಲ್ಕನೇ ಮೆಟ್ಟಿಲಿನ ಗೆಡ್ಡೆಯ ಮೇಲೂ ಕೂತಿತು.

ಶನಿವಾರ ಹಲಗೆಗೆ ಬರೆದೆ: "ಮೂರನೇ ನಾಲ್ಕನೇ ಮೆಟ್ಟಿಲಿಗೆ ಮದ್ದು ಬಿದ್ದಿದೆ. ಅಲ್ಲಿನ ಗೆಡ್ಡೆ ತರುವುದಿಲ್ಲ. ಹೊಡೆದವಳು ನಾನೇ."

ಟೀಚರ್‌ಗೆ ಅಷ್ಟೊತ್ತಿಗೆ ಕಣ್ಣು ಮಂಜಾಗಿತ್ತು, ಹಲಗೆಯ ಹತ್ತಿರ ಮುಖ ತಂದು ಓದಿದರು. ನಡೆದದ್ದು ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, ನಾನು ಕಂಡ ಹಾಗೆ ಮೊದಲ ಸಲ ಜೋರಾಗಿ ನಕ್ಕರು.

"ಮತ್ತೆ ಮೂರು ವರ್ಷ, ಚಿಕ್ಕತಾಯಮ್ಮ."

"ಗೊತ್ತು ಟೀಚರ್. ಬರ್ಕೊಳ್ಳಿ."

ಹದಿಮೂರರಲ್ಲಿ ಒಂದು ಮನೆ ಬಿಟ್ಟಿತು. ಹನ್ನೆರಡು ಉಳಿದವು. ಯಾಕೆ ಉಳಿದವು ಅಂತ ನಾನು ಕೇಳಲಿಲ್ಲ.

ಮಾದೇವ ಒಂದೂವರೆ ತಿಂಗಳಿಗೆ ಕೋಲು ಊರಿಕೊಂಡು ಬಂದ. ಹನ್ನೆರಡೂ ಮೆಟ್ಟಿಲು ಹಸಿರಾಗಿದ್ದವು. ಮಾತು ಎತ್ತಬಾರದಲ್ಲ, ಎತ್ತಲಿಲ್ಲ. ಒಂದು ದಿನ ನಮ್ಮ ಮನೆಗೆ ಕಾಫಿಗೆ ಇಳಿದು ಬಂದಾಗ ಯಜಮಾನರೇ ಬಾಯಿ ಬಿಟ್ಟರು. ಬಾಯ್ಲರ್ ಮುಂದೆ ಇದ್ದು ಇದ್ದು ಅವರಿಗೆ ಮನಸಲ್ಲಿ ಇಟ್ಟುಕೊಳ್ಳುವುದು ಗೊತ್ತಿಲ್ಲ. "ಅವತ್ತು ನೀನು ಹೊಡೆದೆ, ಇವತ್ತು ಅವಳು ಹೊಡೆದಳು. ಎರಡು ಸಲಾನೂ ಲವ್‌ಡೇಲ್‌ಗೆ ಹೋಗದೆ ಉಳಿದದ್ದು ಅವಳ ಗೆಡ್ಡೇನೇ" ಅಂದರು.

ಮಾದೇವ ನನ್ನ ಮುಖ ನೋಡಿದ. ನಾನು ಒಲೆಯ ಕಡೆ ತಿರುಗಿದೆ. "ಅತ್ಗೆ, ಇನ್ನೊಂದು ಲೋಟ ಕಾಫಿ ಅದಾ?" ಅಂದ. ಕೊಟ್ಟೆ.

ಮುಂದಿನ ಬಿತ್ತನೆಗೆ ಅವನು ಹತ್ತು ಮೆಟ್ಟಿಲು ಅಗೆಸಿದ. ಕೆಳಗಿನ ಎರಡಕ್ಕೆ ಹಸುವಿನ ಹುಲ್ಲು ಹಾಕಿಸಿದ. ಯಾಕೆ ಅಂತ ನಾನು ಕೇಳಲೇ ಇಲ್ಲ, ಅವನೇ ಬದುವಿನ ಮೇಲಿಂದ ಕೂಗಿ ಹೇಳಿದ: "ಕಾಲು ನೋಯ್ತದೆ ಕಣತ್ಗೆ. ಡಬ್ಬ ಹೊತ್ಕೊಂಡು ಅಷ್ಟು ಕೆಳಕ್ಕೆ ಇಳಿಯಕ್ಕಾಗಲ್ಲ."

"ಆಗದಿದ್ರೆ ಬುಡು" ಅಂದೆ.

ಆ ವರ್ಷ ಮೊದಲ ಸಲ ನನ್ನ ಮೇಲಿನ ಎರಡು ಮೆಟ್ಟಿಲಿನ ಗಿಡಗಳಿಗೆ ಮಂಜು ಬರೀ ಮಂಜಾಗಿ ಬಂತು. ಮಾದೇವನ ಕಾಲು ಕೊನೆಯವರೆಗೂ ವಾಸಿ ಆಗಲಿಲ್ಲ, ಹುಲ್ಲು ಕೊನೆಯವರೆಗೂ ಅಲ್ಲೇ ಇತ್ತು. ಅವನು ದಿನಾ ಬೆಳಿಗ್ಗೆ ಕೋಲು ಊರಿಕೊಂಡು, ಆ ಎರಡು ಮೆಟ್ಟಿಲು ದಾಟಿ, ಅದರ ಕೆಳಗೆ ನನ್ನ ಹದಿನಾಲ್ಕೂ ಮೆಟ್ಟಿಲು ಇಳಿದು, ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದ.